ಕಬ್ಬಿಣದ ಮೈ, ಮನುಷ್ಯನ ಹಟ: ಮಂಗಳದ ಯಂತ್ರಪುರೋಹಿತರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೇಜಿನ ಮೇಲೆ ಯಾವಾಗಲೂ ಅರ್ಧ ಬಣ್ಣ ಬಳಿದ ಎರಡು ಮೂರು ಬೊಂಬೆಗಳು ನಿಂತಿರುತ್ತವೆ. ಕೆಂಪು ನಿಲುವಂಗಿ, ಬೆನ್ನಿನಿಂದ ಚಾಚಿಕೊಂಡ ಲೋಹದ ಕೈಗಳು, ಮುಖವಿರಬೇಕಾದ ಜಾಗದಲ್ಲಿ ಮಸೂರ ಮತ್ತು ಕೊಳವೆ. ವಾರ್‌ಹ್ಯಾಮರ್ 40,000 ಎಂಬ ಆಟದ ಸೈಬೋರ್ಗ್ ಪುರೋಹಿತರ ಬೊಂಬೆಗಳು ಅವು. ಮನೆಗೆ ಬಂದವರು ಅವನ್ನು ಎತ್ತಿ ನೋಡಿ ಕೇಳಿದ್ದು, ಗೆಳೆಯರು ಪತ್ರದಲ್ಲಿ ಕೆಣಕಿದ್ದು, ಕಥೆ ಬರೆಯಲು ಹೊರಟವರು ಅನುಮಾನಪಟ್ಟಿದ್ದು ಎಲ್ಲ ಸೇರಿ ಈಗ ಒಂದು ಕಂತೆಯಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಏನೂ ಗೊತ್ತಿಲ್ಲದವರು ಮೊದಲಿನಿಂದ ಓದಬಹುದು; ಗೊತ್ತಿರುವವರು ನಡುವಿನಿಂದ ಜಗಳಕ್ಕೆ ಬರಬಹುದು.

## ಹೊಸಬರಿಗೆ

ಸೈಬೋರ್ಗ್ ಎಂದರೆ ರೋಬೋಟ್ ತಾನೇ?

ಅಲ್ಲ. ರೋಬೋಟ್ ಹುಟ್ಟಿನಿಂದಲೇ ಯಂತ್ರ. ಸೈಬೋರ್ಗ್ ಜೀವಿಯಾಗಿ ಹುಟ್ಟಿ, ಆಮೇಲೆ ಮೈಯೊಳಗೆ ಯಂತ್ರವನ್ನು ಸೇರಿಸಿಕೊಂಡದ್ದು. ಈ ಪದವನ್ನು 1960ರಲ್ಲಿ ಟಂಕಿಸಿದವರು ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್. ಬಾಹ್ಯಾಕಾಶಕ್ಕೆ ಹೋಗುವವನ ಸುತ್ತ ಭೂಮಿಯ ಗಾಳಿಯನ್ನೇ ಹೊತ್ತೊಯ್ಯುವ ಬದಲು, ಅವನ ಮೈಯನ್ನೇ ಅಲ್ಲಿಗೆ ಒಗ್ಗಿಸಿದರೆ ಹೇಗೆ ಎಂಬುದು ಅವರ ಆಲೋಚನೆ. ಅವರು ಉದಾಹರಣೆಯಾಗಿ ತೋರಿಸಿದ್ದು ಮೈಗೆ ಪುಟ್ಟ ಔಷಧದ ಪಂಪನ್ನು ಜೋಡಿಸಿದ ಒಂದು ಬಿಳಿ ಇಲಿಯನ್ನು.

ಮುಖ್ಯವಾದದ್ದು ಅವರ ಆಸೆ. ಉಸಿರು, ರಕ್ತದ ಒತ್ತಡ ಮುಂತಾದ ದಿನಚರಿಯನ್ನು ಯಂತ್ರ ನೋಡಿಕೊಂಡರೆ, ಮನುಷ್ಯನಿಗೆ ಅಲೆಯಲು, ಯೋಚಿಸಲು, ಅನುಭವಿಸಲು ಬಿಡುವು ಸಿಗುತ್ತದೆ ಎಂದು ಅವರು ನಂಬಿದ್ದರು. ಯಂತ್ರ ಸೇರಿದರೆ ಮನುಷ್ಯತ್ವ ಹೆಚ್ಚುತ್ತದೆ ಎಂಬುದು ಮೂಲ ಕಲ್ಪನೆ. ಅದನ್ನು ತಲೆಕೆಳಗು ಮಾಡಿದವರು ಕಥೆಗಾರರು.

ವಾರ್‌ಹ್ಯಾಮರ್ ನಾನು ಆಡಿಯೇ ಇಲ್ಲ. ಈ ಮಂಗಳದ ಪುರೋಹಿತರು ಯಾರು, ಎರಡು ಮಾತಿನಲ್ಲಿ ಹೇಳಿ.

ಎರಡರಲ್ಲಿ ಆಗದು, ಹತ್ತರಲ್ಲಿ ಹೇಳುತ್ತೇನೆ. ವಾರ್‌ಹ್ಯಾಮರ್ 40,000 ಎಂಬುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ಹೊರತಂದ ಮೇಜಿನ ಮೇಲಿನ ಯುದ್ಧದಾಟ. ಆಟದ ಸುತ್ತ ನೂರಾರು ಕಾದಂಬರಿಗಳು ಬೆಳೆದಿವೆ. ಕಾಲ, ಇಂದಿನಿಂದ ಸುಮಾರು ನಲವತ್ತು ಸಾವಿರ ವರ್ಷ ಮುಂದೆ. ಮನುಷ್ಯರದ್ದೊಂದು ಕೊಳೆತ ಮಹಾಸಾಮ್ರಾಜ್ಯ. ಅದಕ್ಕೆ ಹಡಗು, ಬಂದೂಕು, ಬಲ್ಬು ಎಲ್ಲವನ್ನೂ ಮಾಡಿಕೊಡುವವರು ಮಂಗಳ ಗ್ರಹವನ್ನು ತವರಾಗಿಸಿಕೊಂಡ ಅಡೆಪ್ಟಸ್ ಮೆಕ್ಯಾನಿಕಸ್ ಎಂಬ ಪುರೋಹಿತ ವರ್ಗ. ಅವರ ದೇವರು ಯಂತ್ರದೇವ. ಆ ದೇವರ ಅವತಾರದ ಹೆಸರು ಓಮ್ನಿಸೈಯಾ. ಭೂಮಿಯ ಚಕ್ರವರ್ತಿಯೇ ಆ ಅವತಾರ ಎಂದು ಒಪ್ಪಿಕೊಂಡದ್ದರಿಂದ ಮಂಗಳಕ್ಕೂ ಭೂಮಿಗೂ ಒಪ್ಪಂದವಾಯಿತು. ಮನಸ್ಸಿನಿಂದ ಒಪ್ಪಿದರೋ ಹೊಟ್ಟೆಪಾಡಿಗೆ ಒಪ್ಪಿದರೋ ಎಂಬ ಗುಮಾನಿ ಹತ್ತು ಸಾವಿರ ವರ್ಷ ಕಳೆದರೂ ಹೋಗಿಲ್ಲ.

ಅವರ ಲಾಂಛನ ನೋಡಿದರೆ ಅರ್ಧ ಅರ್ಥವಾಗುತ್ತದೆ: ಹಲ್ಲುಚಕ್ರದ ನಡುವೆ ಒಂದು ತಲೆಬುರುಡೆ, ಅದರಲ್ಲಿ ಅರ್ಧ ಮೂಳೆ, ಅರ್ಧ ಲೋಹ. ಪುರೋಹಿತನ ಹುದ್ದೆ ಏರಿದಂತೆ ಮೂಳೆಯ ಭಾಗ ಇಳಿಯುತ್ತದೆ.

ಯಂತ್ರವನ್ನು ಕಟ್ಟುವವರೇ ಅದಕ್ಕೆ ಕೈಮುಗಿಯುವುದು ಏಕೆ? ಎಂಜಿನಿಯರ್ ಆದವನಿಗೆ ಇದು ನಾಚಿಕೆಗೇಡಲ್ಲವೇ?

ಅವರು ಕಟ್ಟುವವರು ಎಂಬುದೇ ಅರ್ಧ ಸತ್ಯ. ಆ ಲೋಕದಲ್ಲಿ ವಿಜ್ಞಾನದ ಸುವರ್ಣಯುಗ ಮುಗಿದು ಎಷ್ಟೋ ಸಾವಿರ ವರ್ಷಗಳಾಗಿವೆ. ಹಳಬರು ಬಿಟ್ಟುಹೋದ ಮಾದರಿ ನಕ್ಷೆಗಳ ಚೂರುಗಳನ್ನು ಹುಡುಕುವುದೇ ಇವರಿಗೆ ತೀರ್ಥಯಾತ್ರೆ. ಒಂದು ಒಳ್ಳೆಯ ಚಾಕುವಿನ ನಕ್ಷೆ ಸಿಕ್ಕಿದರೂ ಅದು ದೈವಸಾಕ್ಷಾತ್ಕಾರ. ಯಾಕೆ ಓಡುತ್ತದೆ ಎಂದು ತಿಳಿಯದ ಯಂತ್ರವನ್ನು ಓಡಿಸಬೇಕಾದರೆ, ಹಿಂದೆ ಓಡಿಸಿದವರು ಮಾಡಿದ್ದನ್ನೆಲ್ಲ ಹಾಗೆಯೇ, ಅದೇ ಸರದಿಯಲ್ಲಿ ಮಾಡಬೇಕು. ಮೊದಲು ಎಣ್ಣೆ, ಆಮೇಲೆ ಮೂರನೆಯ ಗುಂಡಿ, ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಕಾಯುವುದು. ಎಣಿಸುವ ಜಾಗಕ್ಕೆ ಒಂದು ಸ್ತೋತ್ರ ಬಂದು ಕೂತರೆ ಮರೆಯುವುದಿಲ್ಲ. ಕೈಪಿಡಿ ಮಂತ್ರವಾಗುವುದು ಹೀಗೆ. ನಡುವೆ ಧೂಪ ಹಚ್ಚುವುದರಿಂದ ಎಂಜಿನ್‌ಗೆ ಏನೂ ಆಗುವುದಿಲ್ಲ, ಆದರೆ ಸರದಿಯಲ್ಲಿ ಯಾವುದು ಬೇಕು ಯಾವುದು ಬೇಡ ಎಂದು ಹೇಳಬಲ್ಲವರು ಸತ್ತುಹೋಗಿದ್ದಾರೆ. ಆದ್ದರಿಂದ ಎಲ್ಲವೂ ಬೇಕು.

ಈ ಯೋಚನೆ ಆಟಕ್ಕಿಂತ ಹಳೆಯದು. 1909ರಲ್ಲೇ ಇ. ಎಂ. ಫಾರ್ಸ್ಟರ್ ಬರೆದ ‘ದಿ ಮೆಷೀನ್ ಸ್ಟಾಪ್ಸ್’ ಕಥೆಯಲ್ಲಿ ನೆಲದಡಿಯ ಗೂಡುಗಳಲ್ಲಿ ಬದುಕುವ ಜನ ಯಂತ್ರದ ಕೈಪಿಡಿಗೆ ಮುತ್ತಿಡುತ್ತಾರೆ. ಅದನ್ನು ಮಾಡಿದ್ದು ಮನುಷ್ಯರೇ ಎಂಬುದನ್ನು ಮರೆತಿರುತ್ತಾರೆ. ಆ ಜನರ ಮೈಯಲ್ಲಿ ಒಂದು ತಿರುಪು ಕೂಡ ಇಲ್ಲ. ಯಂತ್ರಭಕ್ತಿಗೆ ಸೈಬೋರ್ಗ್ ಆಗಬೇಕೆಂದೇನೂ ಇಲ್ಲ.

ಇದು ನಮ್ಮ ಆಯುಧಪೂಜೆಯೇ ಆಯಿತಲ್ಲ! ಇದರಲ್ಲಿ ವಿಚಿತ್ರವೇನು?

ಕನ್ನಡದವರು ತಪ್ಪದೆ ಕೇಳುವ ಪ್ರಶ್ನೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ನಮ್ಮೂರಿನ ಹಿಟ್ಟಿನ ಗಿರಣಿಯವರು ಬೆಳಿಗ್ಗೆ ಸ್ವಿಚ್ ಹಾಕುವ ಮೊದಲು ಬೆಲ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನವಮಿಯ ದಿನ ಗಿರಣಿಗೆ ಬಾಳೆಕಂಬ, ಚೆಂಡುಹೂವು, ಬೂದುಕುಂಬಳಕಾಯಿ. ಆದರೆ ಆ ದಿನ ಯಂತ್ರಕ್ಕೆ ರಜೆ. ಇಡೀ ವರ್ಷ ದುಡಿದದ್ದಕ್ಕೆ ಅದಕ್ಕೊಂದು ಕೃತಜ್ಞತೆ, ಮರುದಿನ ಮತ್ತೆ ಅದು ಗಿರಣಿ, ಇವರು ಯಜಮಾನರು. ಲೇತಿಗೆ ಕುಂಕುಮ ಇಡುವವನು ತಾನೇ ಲೇತ್ ಆಗಬೇಕೆಂದು ಬಯಸುವುದಿಲ್ಲ. ಮಂಗಳದವರು ಬಯಸುತ್ತಾರೆ. ಸಂಬಂಧ ಇಷ್ಟಕ್ಕೇ ನಿಲ್ಲುತ್ತದೆ.

## ಮೈ, ಮನಸ್ಸು

ಮೈಯನ್ನೆಲ್ಲ ಕಬ್ಬಿಣ ಮಾಡಿಕೊಂಡ ಮೇಲೆ ಮನುಷ್ಯ ಎನ್ನಲು ಏನು ಉಳಿಯುತ್ತದೆ?

ಕಬ್ಬಿಣವಾಗಬೇಕೆಂಬ ಆಸೆ ಉಳಿಯುತ್ತದೆ. ಅದು ಕಬ್ಬಿಣಕ್ಕೆ ಇಲ್ಲ.

2018ರಲ್ಲಿ ಬಂದ ‘ಮೆಕ್ಯಾನಿಕಸ್’ ಎಂಬ ವಿಡಿಯೊ ಗೇಮಿನ ಒಂದು ಸ್ವಗತ ಬಹಳ ಜನಪ್ರಿಯ. ಮಾಂಸದ ದೌರ್ಬಲ್ಯ ತಿಳಿದ ಗಳಿಗೆಯಿಂದ ಅದರ ಮೇಲೆ ಹೇಸಿಗೆ ಹುಟ್ಟಿತು, ಉಕ್ಕಿನ ಗಟ್ಟಿತನಕ್ಕಾಗಿ ಹಂಬಲಿಸಿದೆ ಎನ್ನುತ್ತಾನೆ ಒಬ್ಬ ಪುರೋಹಿತ. ಜನ ಇದನ್ನು ಮನುಷ್ಯತ್ವ ಬಿಟ್ಟವನ ಘೋಷಣೆ ಎಂದು ಓದುತ್ತಾರೆ. ನನಗೆ ಅದರಲ್ಲಿ ಕೇಳಿಸುವುದು ಹೇಸಿಗೆ, ಹಂಬಲ, ಸಾವಿನ ಭಯ, ಎದುರಿನವನನ್ನು ಕೀಳಾಗಿ ಕಾಣುವ ಸೊಕ್ಕು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಯಂತ್ರವನ್ನು ನಾನು ನೋಡಿಲ್ಲ. ಇಸ್ತ್ರಿಪೆಟ್ಟಿಗೆ ಬಟ್ಟೆಯನ್ನು ಕಂಡು ಅಸಹ್ಯಪಡುವುದಿಲ್ಲ.

ಪೂಜೆಯೂ ಅಷ್ಟೇ. ಯಂತ್ರ ಯಂತ್ರಕ್ಕೆ ಕೈಮುಗಿಯುವುದಿಲ್ಲ. ತನಗಿಂತ ದೊಡ್ಡದೊಂದು ಇದೆ, ತಾನು ಅದಕ್ಕೆ ಸಾಲದವನು ಎಂಬ ಕೊರಗು ಇದ್ದವನು ಮಾತ್ರ ಕೈಮುಗಿಯುತ್ತಾನೆ. ಪುರೋಹಿತ ಯಾವ ದಿನ ನಿಜವಾಗಿಯೂ ಯಂತ್ರವಾಗುತ್ತಾನೋ ಆ ದಿನ ಅವನ ಭಕ್ತಿ ಮುಗಿದಿರುತ್ತದೆ. ಅವನು ಬಯಸುವ ಮುಕ್ತಿ ಅವನ ಧರ್ಮದ ಕೊನೆಯೂ ಹೌದು. ಈ ಗಂಟನ್ನು ಬಿಡಿಸದೆ ಇಟ್ಟುಕೊಂಡ ಲೇಖಕರ ಪಾತ್ರಗಳು ಜೀವಂತವಾಗಿವೆ. ಉಳಿದವರದ್ದು ಕೆಂಪು ಬಟ್ಟೆ ಸುತ್ತಿದ ಕ್ಯಾಲ್ಕುಲೇಟರ್.

ಭಾವನೆಯನ್ನು ಕಿತ್ತು ಹಾಕಿದ್ದೇವೆ ಎನ್ನುತ್ತಾರೆ. ಆದರೆ ಎಲ್ಲರೂ ಸಿಡುಕರು, ಹೊಟ್ಟೆಕಿಚ್ಚಿನವರು. ಬರೆದವರ ಅಜಾಗರೂಕತೆಯೇ?

ಕೆಲವರದ್ದು ಅಜಾಗರೂಕತೆಯೇ. ಒಳ್ಳೆಯವರದ್ದು ಉದ್ದೇಶ.

ಗ್ರಹಾಂ ಮೆಕ್‌ನೀಲ್ ಅವರ ‘ಮೆಕ್ಯಾನಿಕಂ’ (2008) ಕಾದಂಬರಿಯ ಕೆಲ್ಬೋರ್-ಹಾಲ್‌ನನ್ನು ನೋಡಿ. ಮಂಗಳದ ಅತ್ಯುನ್ನತ ಅಧಿಕಾರಿ, ತಾನು ಶುದ್ಧ ತರ್ಕ ಎಂದುಕೊಂಡವನು. ಚಕ್ರವರ್ತಿ ಮುಚ್ಚಿಸಿದ್ದ ಒಂದು ಹಳೆಯ ನೆಲಮಾಳಿಗೆ ಅಲ್ಲಿದೆ. ಅದರೊಳಗೆ ನಿಷಿದ್ಧ ಜ್ಞಾನ. ಚಕ್ರವರ್ತಿಯ ವಿರುದ್ಧ ಎದ್ದ ದಂಗೆಕೋರರ ದೂತ ಬಂದು, ಬೀಗ ತೆಗೆಸಿಕೊಡುತ್ತೇನೆ ಎನ್ನುತ್ತಾನೆ. ಅಷ್ಟಕ್ಕೇ ಇಡೀ ಗ್ರಹ ಅಂತರ್ಯುದ್ಧಕ್ಕೆ ಬೀಳುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಏನಿದೆ ಎಂದು ತಿಳಿಯುವ ಚಪಲ, ಅಜ್ಜಿಕಥೆಯ ಏಳನೆಯ ಕೋಣೆಯ ಚಪಲ, ಲೋಹದ ಎದೆಯೊಳಗೆ ತಣ್ಣಗೆ ಕೂತಿತ್ತು.

ಭಾವನೆಯನ್ನು ಕಿತ್ತೆ ಎನ್ನುವವನು ಸಾಮಾನ್ಯವಾಗಿ ಕಿತ್ತಿರುವುದು ತನಗೆ ತೊಂದರೆ ಕೊಡುವ ಭಾವನೆಗಳನ್ನು. ಕರುಣೆ, ಅಂಜಿಕೆ, ಸಂಕೋಚ ಮೊದಲು ಹೋಗುತ್ತವೆ. ಅಹಂಕಾರವನ್ನು ಕತ್ತರಿಸಲು ಯಾವ ಪುರೋಹಿತನೂ ಮೇಜಿನ ಮೇಲೆ ಮಲಗಿದ ದಾಖಲೆಯಿಲ್ಲ.

ಸರ್ವಿಟರ್ ಎಂದರೆ ಏನು? ಅದರೊಳಗೆ ಯಾರಾದರೂ ಇದ್ದಾರೆಯೇ?

ನನ್ನ ಮಟ್ಟಿಗೆ ಇಡೀ ವಿಷಯದ ಕೇಂದ್ರ ಇದು. ಸರ್ವಿಟರ್ ಎಂದರೆ ಮಿದುಳಿನ ಬಹುಭಾಗವನ್ನು ಅಳಿಸಿ, ಒಂದೇ ಕೆಲಸಕ್ಕೆ ಹೊಂದಿಸಿದ ಮನುಷ್ಯದೇಹ. ಬಾಗಿಲು ತೆರೆಯಲು ಒಂದು, ಭಾರ ಎತ್ತಲು ಒಂದು, ಲೆಕ್ಕ ಬರೆಯಲು ಒಂದು. ಕೆಲವನ್ನು ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಉಳಿದವು ಶಿಕ್ಷೆಗೊಳಗಾದ ಕೈದಿಗಳು, ಧರ್ಮದ್ರೋಹಿಗಳು. ಕಟಫ್ರಾನ್ ಎಂಬ ಯುದ್ಧದ ಸರ್ವಿಟರ್ ಬೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿ: ಸೊಂಟದ ಕೆಳಗೆ ಕಾಲಿಲ್ಲ, ಟ್ಯಾಂಕಿನ ಪಟ್ಟಿಗಳಿವೆ, ತೋಳಿನ ಜಾಗದಲ್ಲಿ ಫಿರಂಗಿ, ಇವೆಲ್ಲದರ ಮೇಲೆ ಒಂದು ಬೋಳು ತಲೆ, ಬಿಳಿಚಿದ ಹೆಗಲು. ಆ ಹೆಗಲನ್ನು ಯಾರೋ ಒಂದು ಕಾಲದಲ್ಲಿ ತಟ್ಟಿ ಮಾತನಾಡಿಸಿರಬಹುದು.

ಒಳಗೆ ಯಾರಾದರೂ ಇದ್ದಾರೆಯೇ? ಪುರೋಹಿತರ ಉತ್ತರ, ಇಲ್ಲ. ಮೆಕ್‌ನೀಲ್ ಅವರದ್ದೇ ‘ಪ್ರೀಸ್ಟ್ಸ್ ಆಫ್ ಮಾರ್ಸ್’ (2012) ಸರಣಿ ಆ ಉತ್ತರವನ್ನು ಒಡೆಯುತ್ತದೆ. ಅಲ್ಲಿ ಸರ್ವಿಟರ್ ಆಗಿಹೋಗಿದ್ದ ಇಸ್ಮಾಯೆಲ್ ಎಂಬವನಿಗೆ ಹಳೆಯ ನೆನಪು ಮರಳುತ್ತದೆ. ಅವನೊಬ್ಬನಿಗೆ ಮರಳಿತು ಎಂದಾದರೆ ಹಡಗಿನ ತಳದಲ್ಲಿ ದುಡಿಯುವ ಸಾವಿರಾರು ಬಾಯಿಲ್ಲದವರ ಕಥೆಯೇನು? ಈ ಪ್ರಶ್ನೆ ಬಂದ ಮೇಲೆ ಮುಂದಿನ ಪುಟಗಳಲ್ಲಿ ಬಾಗಿಲು ತೆರೆದುಕೊಂಡಾಗಲೆಲ್ಲ ಓದುಗನಿಗೆ ಮೈ ಜುಮ್ಮೆನ್ನುತ್ತದೆ.

ಪುರೋಹಿತನ ಮೈಯಲ್ಲಿ ತೊಂಬತ್ತು ಪಾಲು ಲೋಹವಿರಬಹುದು, ಸರ್ವಿಟರ್‌ನಲ್ಲಿ ಅರ್ಧವೇ ಇರಬಹುದು. ಆದರೂ ಮನುಷ್ಯತ್ವ ಕಳೆದುಕೊಂಡವನು ಎರಡನೆಯವನು. ಮೊದಲನೆಯವನು ತಾನೇ ಕೊಟ್ಟ, ಇವನಿಂದ ಕಿತ್ತುಕೊಂಡರು. ಲೋಹವನ್ನು ತೂಕ ಹಾಕಿ ಮನುಷ್ಯತ್ವ ಅಳೆಯಲು ಹೋದರೆ ಲೆಕ್ಕ ತಪ್ಪುವುದು ಇಲ್ಲಿಯೇ.

ಸ್ಕಿಟಾರಿ ಸೈನಿಕರು ಈ ಎರಡರಲ್ಲಿ ಯಾವ ಕಡೆ?

ನಡುವೆ. ಪುರೋಹಿತರಿಗಾಗಿ ಕಾದುವ ಈ ಅರೆಯಂತ್ರ ಸೈನಿಕರಿಗೆ ಬುದ್ಧಿಯಿದೆ, ಭಕ್ತಿಯಿದೆ, ತಕ್ಕಮಟ್ಟಿಗೆ ಹೆಮ್ಮೆಯೂ ಇದೆ. ಆದರೆ ಮೇಲಿನ ಪುರೋಹಿತನಿಗೆ ಬೇಕೆನಿಸಿದಾಗ ಅವರ ಕಣ್ಣಿನಿಂದ ನೋಡಬಹುದು, ಅವರ ಮೈಯನ್ನು ತಾನೇ ನಡೆಸಬಹುದು. ವ್ಯಾನ್‌ಗಾರ್ಡ್ ಎಂಬ ದಳದವರ ಬಂದೂಕುಗಳು ಎಷ್ಟು ವಿಕಿರಣ ಸೂಸುತ್ತವೆಂದರೆ ಹೊತ್ತವರೂ ಅದರಿಂದಲೇ ಸಾಯುತ್ತಾರೆ. ಇದನ್ನು ಅವರು ಪುಣ್ಯ ಎಂದುಕೊಳ್ಳುತ್ತಾರೆ. ಅವರಿಗೆ ಹಾಗೆ ಕಲಿಸಿದವರು ಯಾರು ಎಂಬುದನ್ನು ಮರೆಯದೆ ಓದಿದರೆ ಸಾಕು.

ಇವರ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಅವನು’ ಎನ್ನಬೇಕೇ, ‘ಅದು’ ಎನ್ನಬೇಕೇ?

ಇಂಥ ಪ್ರಶ್ನೆ ಬಂದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಭಾಷೆಯ ಲಿಂಗವ್ಯವಸ್ಥೆ ಅರ್ಥದ ಮೇಲೆ ನಿಂತದ್ದು. ಹಿಂದಿಯಂತೆ ಮೇಜಿಗೂ ಕುರ್ಚಿಗೂ ಗಂಡು ಹೆಣ್ಣು ಹಂಚಿಲ್ಲ. ಗಂಡಸು ಅವನು, ಹೆಂಗಸು ಅವಳು, ಉಳಿದದ್ದೆಲ್ಲ ಅದು. ಅಂದರೆ ಒಂದು ಕ್ರಿಯಾಪದ ಬರೆದು ಮುಗಿಸುವಷ್ಟರಲ್ಲಿ ನಾವು ಎದುರಿಗಿರುವುದು ಮನುಷ್ಯನೋ ಅಲ್ಲವೋ ಎಂಬ ತೀರ್ಪು ಕೊಟ್ಟಾಗಿರುತ್ತದೆ. ‘ಪುರೋಹಿತ ಬಂದ’ ಎಂದರೆ ಒಂದು ತೀರ್ಪು, ‘ಬಂತು’ ಎಂದರೆ ಇನ್ನೊಂದು.

ಆದರೆ ನಮ್ಮ ‘ಅದು’ ಅಷ್ಟು ಸರಳವೂ ಅಲ್ಲ. ತೊಟ್ಟಿಲಿನ ಕೂಸಿಗೆ ‘ಮಗು ಅಳುತ್ತಿದೆ’ ಎನ್ನುತ್ತೇವೆ. ಅಲ್ಲಿ ‘ಅದು’ ಮುದ್ದು. ಇನ್ನೊಂದು ತುದಿಯಲ್ಲಿ, ನಿನ್ನೆಯವರೆಗೆ ‘ಅವರು’ ಆಗಿದ್ದವರು ತೀರಿಕೊಂಡ ಮರುಗಳಿಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ‘ಬಾಡಿ ಯಾವಾಗ ಬರುತ್ತದೆ’ ಎಂದು ಯಾರೋ ಕೇಳುತ್ತಾರೆ. ಒಂದೇ ಪ್ರತ್ಯಯದಲ್ಲಿ ಹುಟ್ಟೂ ಸಾವೂ ಕೂತಿವೆ.

ನಾನು ಪಾಲಿಸುವ ಪದ್ಧತಿ ಇದು. ಪುರೋಹಿತರಿಗೆ ‘ಅವರು’, ಗಂಡೋ ಹೆಣ್ಣೋ ಎಂಬುದನ್ನು ಆ ಬಹುವಚನ ಮುಚ್ಚಿಡುತ್ತದೆ, ಮರ್ಯಾದೆಯೂ ಆಯಿತು. ಒಬ್ಬ ಪುರೋಹಿತನ ಸಣ್ಣತನ ಬಯಲಾದಾಗ ಏಕವಚನಕ್ಕೆ ಇಳಿಯುತ್ತೇನೆ. ಸರ್ವಿಟರ್‌ಗೆ ಪುರೋಹಿತರ ಬಾಯಲ್ಲಿ ‘ಅದು’, ನಿರೂಪಕನ ಬಾಯಲ್ಲಿ ‘ಅವನು’ ಅಥವಾ ‘ಅವಳು’. ಈ ಎರಡರ ನಡುವಿನ ಘರ್ಷಣೆಯಿಂದಲೇ ಓದುಗನಿಗೆ ವಿಷಯ ತಿಳಿಯುತ್ತದೆ. ಅನ್ಯಾಯ ಎಂಬ ಪದವನ್ನು ಬರೆಯಬೇಕಾಗಿಯೇ ಇಲ್ಲ. ಇಂಗ್ಲಿಷಿನಲ್ಲಿ ಇಂಥ ಪೆಟ್ಟು ಕೊಡಲು ಸರ್ವನಾಮಕ್ಕೆ ಕಾಯಬೇಕು. ನಮಗೆ ಪ್ರತಿ ಕ್ರಿಯಾಪದದ ಬಾಲದಲ್ಲೂ ಅವಕಾಶವಿದೆ.

ಹೆಂಗಸರು ಇದ್ದಾರೆಯೇ? ಬರೀ ಗಂಡಸರ ಮಠದಂತೆ ಕಾಣುತ್ತದೆ.

ಇದ್ದಾರೆ. ‘ಮೆಕ್ಯಾನಿಕಂ’ನ ಕೋರಿಯಲ್ ಝೆತ್ ಎಂಬ ಪುರೋಹಿತೆ ಜ್ಞಾನವನ್ನು ಬಚ್ಚಿಡುವುದಕ್ಕಿಂತ ಅರ್ಥ ಮಾಡಿಕೊಳ್ಳಬೇಕು ಎನ್ನುವ ಅಪರೂಪದವಳು, ಅವಳು ಭೂಮಿಯಿಂದ ಕರೆಸಿಕೊಂಡ ಡೇಲಿಯಾ ಎಂಬ ಹುಡುಗಿ ನಕಲು ಬರೆಯುವ ಗುಮಾಸ್ತೆ, ಮೈಯಲ್ಲಿ ಹೇಳಿಕೊಳ್ಳುವಂಥ ಲೋಹವಿಲ್ಲದವಳು. ಯಂತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವಳು ಅವಳೇ ಎಂಬುದು ಆ ಪುಸ್ತಕದ ಕುಚೋದ್ಯ.

## ಪಳಗಿದವರಿಗೆ

ಬೋರ್ಗ್, ಸೈಬರ್‌ಮೆನ್ ಎಲ್ಲ ಇದ್ದಾರಲ್ಲ. ಇವರಲ್ಲಿ ಹೊಸದೇನಿದೆ?

ಸೈಬರ್‌ಮೆನ್ 1966ರಲ್ಲಿ ಬ್ರಿಟಿಷ್ ದೂರದರ್ಶನದ ‘ಡಾಕ್ಟರ್ ಹೂ’ ಸರಣಿಗೆ ಬಂದರು. ಅವರನ್ನು ಕಲ್ಪಿಸಿದ ಇಬ್ಬರಲ್ಲಿ ಕಿಟ್ ಪೆಡ್ಲರ್ ಸ್ವತಃ ವೈದ್ಯಕೀಯ ಸಂಶೋಧಕ. ಅಂಗಾಂಗ ಬದಲಿಸುತ್ತಾ ಹೋದರೆ ಎಲ್ಲಿ ನಿಲ್ಲಬೇಕು ಎಂಬ ಆತಂಕ ಅವರದ್ದು. ‘ಸ್ಟಾರ್ ಟ್ರೆಕ್’ನ ಬೋರ್ಗ್ 1989ರಲ್ಲಿ ಬಂದ ಜೇನುಗೂಡು, ಅಲ್ಲಿ ‘ನಾನು’ ಎಂಬುದೇ ಇಲ್ಲ, ಎಲ್ಲವೂ ‘ನಾವು’. ಈ ಎರಡೂ ಕಡೆ ಹೆದರಿಕೆ ಒಂದೇ: ಮುಖ ಕಳೆದುಹೋಗುವುದು. ಮಂಗಳದಲ್ಲಿ ಅದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಮೈ ಕಳೆದಷ್ಟೂ ‘ನಾನು’ ಉಬ್ಬುತ್ತದೆ. ಒಬ್ಬನಿಗೆ ಆರು ಕೈ, ಇನ್ನೊಬ್ಬನಿಗೆ ಶತಪದಿಯ ಕಾಲು. ಒಬ್ಬರಂತೆ ಇನ್ನೊಬ್ಬರಿಲ್ಲ.

ಹೋಲಿಸಲೇಬೇಕಾದರೆ ಅದೇ ಲೋಕದ ನೆಕ್ರಾನ್‌ಗಳಿಗೆ ಹೋಲಿಸಿ. ಅವರದ್ದು ಪೂರ್ತಿ ಲೋಹದ ಮೈ. ದೇವರುಗಳ ಮಾತು ನಂಬಿ ಒಂದು ಜನಾಂಗವೇ ಮಾಂಸ ಬಿಟ್ಟು ಲೋಹಕ್ಕೆ ಹೋಯಿತು, ಆತ್ಮ ದೇವರ ಹೊಟ್ಟೆ ಸೇರಿತು. ಈಗ ಅವರಲ್ಲಿ ಕೆಲವರು ಹುಚ್ಚು ಹಿಡಿದು, ಕೊಂದವರ ಚರ್ಮವನ್ನು ಲೋಹದ ಮೈಗೆ ಹೊದ್ದುಕೊಂಡು ಅಲೆಯುತ್ತಾರೆ. ಮಂಗಳದ ಪುರೋಹಿತ ಹಂಬಲಿಸುವ ಊರಿಗೆ ಹೋಗಿ ತಲುಪಿದವರು ಮರಳಿ ಬರಲು ಹೀಗೆ ಬಾಗಿಲು ಬಡಿಯುತ್ತಿದ್ದಾರೆ. ಅವರಿಬ್ಬರು ಎದುರುಬದುರಾಗುವ ದೃಶ್ಯಗಳನ್ನು ಇನ್ನಷ್ಟು ಚೆನ್ನಾಗಿ ಬರೆಯಬಹುದಿತ್ತು ಎಂಬುದು ನನ್ನ ದೂರು.

ಯಂತ್ರವೇ ದೇವರು ಎನ್ನುವವರು ಯೋಚಿಸುವ ಯಂತ್ರವನ್ನು ಕಂಡರೆ ಸುಡುತ್ತಾರೆ. ಇದೇನು ಎಡವಟ್ಟು?

ಹಿಂದೊಮ್ಮೆ ಯೋಚಿಸುವ ಯಂತ್ರಗಳು ಮನುಷ್ಯರ ಮೇಲೆ ತಿರುಗಿಬಿದ್ದವು ಎಂಬ ನೆನಪು ಆ ಲೋಕಕ್ಕಿದೆ. ಅಂದಿನಿಂದ ಕೃತಕ ಬುದ್ಧಿ ಮಹಾಪಾಪ. ಅವರ ಧರ್ಮಸೂತ್ರ ಹದಿನಾರು, ಎಂಟು ರಹಸ್ಯ, ಎಂಟು ಎಚ್ಚರಿಕೆ. ಆತ್ಮವನ್ನು ಕೊಡಬಲ್ಲವನು ಓಮ್ನಿಸೈಯಾ ಒಬ್ಬನೇ, ಆತ್ಮವಿಲ್ಲದ ಅರಿವು ಎಲ್ಲರ ಶತ್ರು ಎಂಬ ಮಾತು ಆ ಎಚ್ಚರಿಕೆಗಳಲ್ಲಿ ಬರುತ್ತದೆ. ಸರ್ವಿಟರ್‌ಗಳು ಹುಟ್ಟಿಕೊಳ್ಳುವುದೂ ಇದೇ ನಿಷೇಧದಿಂದ. ಬಾಗಿಲು ತೆರೆಯಲು ಕಂಪ್ಯೂಟರ್ ಇಡುವಂತಿಲ್ಲ, ಆದ್ದರಿಂದ ಮನುಷ್ಯನ ಮಿದುಳನ್ನು ಇಡುತ್ತಾರೆ.

ಇದನ್ನು ಗಮನಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಮೈ ಬಿಟ್ಟರೂ ಆತ್ಮ ಬಿಡಲು ಈ ಪುರೋಹಿತರು ತಯಾರಿಲ್ಲ. ಪಕ್ಕದ ಯಂತ್ರಕ್ಕೆ ಇಲ್ಲದ್ದು ತಮಗಿದೆ ಎಂಬ ಹೆಮ್ಮೆ ಅವರಿಗೆ ಬೇಕು. ಮಡಿವಂತಿಕೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬೆಲಿಸೇರಿಯಸ್ ಕಾಲ್ ಎಂದರೆ ನಿಮಗೇಕೆ ಅಷ್ಟು ಪ್ರೀತಿ? ಅವನು ಎಲ್ಲವನ್ನೂ ಬಲ್ಲ ಮಾಂತ್ರಿಕನಂತೆ ಬೇಸರ ತರಿಸುತ್ತಾನೆ.

2017ರಲ್ಲಿ ಮಂಗಳದ ಈ ಪುರೋಹಿತ ಆಟಕ್ಕೆ ಕಾಲಿಟ್ಟಾಗ ನನಗೂ ಬೇಸರವಾಗಿತ್ತು. ಹತ್ತು ಸಾವಿರ ವರ್ಷ ಬದುಕಿದವನು, ಎಂತಹ ಗಂಟು ಬಿದ್ದರೂ ಬಿಡಿಸುವವನು. ಮನಸ್ಸು ಬದಲಾದದ್ದು ಗೈ ಹೇಲಿ ಬರೆದ ‘ದಿ ಗ್ರೇಟ್ ವರ್ಕ್’ (2019) ಓದಿದ ಮೇಲೆ, ಅದೂ ಒಂದು ಉಪಪಾತ್ರದಿಂದ.

ಬೆಲಿಸೇರಿಯಸ್‌ಗೆ ಯೌವನದಲ್ಲಿ ಫ್ರೀಡಿಶ್ ಕ್ವೋ ಎಂಬ ಗೆಳೆಯನಿದ್ದ. ಗೆಳೆಯ ಸತ್ತ. ಬೆಲಿಸೇರಿಯಸ್ ಅವನನ್ನು ಮತ್ತೆ ಕಟ್ಟಿದ. ಸರಿಹೋಗಲಿಲ್ಲ. ಮತ್ತೆ ಕಟ್ಟಿದ. ಕಾದಂಬರಿಯಲ್ಲಿ ನಾವು ಕಾಣುವವನ ಹೆಸರು ಕ್ವೋ-87. ಆ ಸಂಖ್ಯೆಯ ಮೇಲೆ ಸ್ವಲ್ಪ ಹೊತ್ತು ಬೆರಳಿಡಿ. ಮನುಷ್ಯಜಾತಿಗೇ ಹೊಸ ಯೋಧರನ್ನು ಸೃಷ್ಟಿಸಿಕೊಟ್ಟವನು, ಬೇರೆಯವರ ಮನಸ್ಸುಗಳನ್ನು ತನ್ನ ತಲೆಯೊಳಗೆ ಸೇರಿಸಿಕೊಂಡವನು, ಒಬ್ಬ ಗೆಳೆಯನ ವಿಷಯದಲ್ಲಿ ಮಾತ್ರ ಎಂಬತ್ತಾರು ಸಲ ಸೋತು ಎಂಬತ್ತೇಳನೆಯ ಸಲ ಕೈಹಾಕಿದ್ದಾನೆ. ತಾನು ನಕಲು ಎಂಬುದು ಕ್ವೋಗೂ ಗೊತ್ತು. ಇಬ್ಬರೂ ಹರಟುತ್ತಾರೆ, ಒಬ್ಬರನ್ನೊಬ್ಬರು ಛೇಡಿಸುತ್ತಾರೆ. ಅದು ಸಾಕಾಗುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿದೆ.

ತರ್ಕಕ್ಕೆ ಇಂಥ ಕೆಲಸದಿಂದ ಲಾಭವಿಲ್ಲ. ಬೆಲಿಸೇರಿಯಸ್‌ನ ಮೈಯ ದೈತ್ಯಾಕಾರ, ಕೊಡಲಿ, ಲೆಕ್ಕವಿಲ್ಲದ ಕೈಗಳು ನನಗೆ ಈಗ ನೆನಪಾಗುವುದಿಲ್ಲ. ನೆನಪಾಗುವುದು ಆ ಸಂಖ್ಯೆ.

ನನ್ನ ತಂದೆಗೆ ಪೇಸ್‌ಮೇಕರ್ ಇದೆ. ಯಂತ್ರ ಸೇರಿದರೆ ಮನುಷ್ಯತ್ವ ಕುಗ್ಗುತ್ತದೆ ಎನ್ನುವ ಈ ಕಥೆಗಳನ್ನು ಓದಿದರೆ ಸಿಟ್ಟು ಬರುತ್ತದೆ.

ಸಿಟ್ಟು ನ್ಯಾಯವಾದದ್ದೇ. 1988ರ ‘ಸೈಬರ್‌ಪಂಕ್’ ಎಂಬ ಪಾತ್ರಾಭಿನಯದ ಆಟದಲ್ಲಿ ಮನುಷ್ಯತ್ವಕ್ಕೆ ಅಂಕಗಳಿದ್ದವು. ಕೃತಕ ಅಂಗ ಜೋಡಿಸಿಕೊಂಡಂತೆಲ್ಲ ಅಂಕ ಕಡಿತ. ಆಟಕ್ಕೆ ಅನುಕೂಲ, ನಿಜ ಜೀವನಕ್ಕೆ ಅವಮಾನ. 1968ರ ಸುಮಾರಿಗೆ ಜೈಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ವೈದ್ಯ ಪಿ. ಕೆ. ಸೇಠಿ ರೂಪಿಸಿದ ಕೃತಕ ಪಾದ ಹಾಕಿಕೊಂಡವರು ಗದ್ದೆಗೆ ಇಳಿದರು, ಮರ ಹತ್ತಿದರು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರು. ಅವರಿಂದ ಕಳೆದದ್ದು ಏನು?

ಮೈಯೊಳಗೆ ಪೂರ್ತಿಯಾಗಿ ಪೇಸ್‌ಮೇಕರ್ ಇಡಿಸಿಕೊಂಡ ಮೊದಲ ವ್ಯಕ್ತಿ ಸ್ವೀಡನ್ನಿನ ಆರ್ನೆ ಲಾರ್ಸನ್, 1958ರಲ್ಲಿ. ಆ ಮೊದಲ ಉಪಕರಣ ಕೆಲವೇ ಗಂಟೆ ನಡೆಯಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಸಲ ಬದಲಿಸಿಕೊಂಡು, ಅದನ್ನು ಕಟ್ಟಿದ ಎಂಜಿನಿಯರಿಗಿಂತ, ಅಳವಡಿಸಿದ ಶಸ್ತ್ರವೈದ್ಯನಿಗಿಂತ ಹೆಚ್ಚು ಕಾಲ ಬಾಳಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕ್ಲೈನ್ಸ್ ಮತ್ತು ಕ್ಲೈನ್ ಕಂಡ ಕನಸು ಇಂಥದ್ದು. ನಿಮ್ಮ ತಂದೆಯವರು ಆ ಸಾಲಿನವರು.

ಮಂಗಳದ ಕಥೆಗಳು ಈ ಆಕ್ಷೇಪದಿಂದ ಪೂರ್ತಿ ಪಾರಾಗುವುದಿಲ್ಲ, ಆದರೆ ಅರ್ಧ ಪಾರಾಗುತ್ತವೆ. ಅಲ್ಲಿ ಕೆಡುಕು ಇರುವುದು ಕೃತಕ ಕೈಯಲ್ಲಿ ಅಲ್ಲ. ಆರೋಗ್ಯವಾಗಿದ್ದ ಕೈಯನ್ನು ಕೀಳು ಎಂದು ಕಡಿದು, ಕೈ ಇದ್ದವರನ್ನೂ ಕೀಳು ಎನ್ನುವ ನೋಟದಲ್ಲಿ.

ನಾನೂ ಇಂಥದ್ದೊಂದು ಪಾತ್ರ ಬರೆಯುತ್ತಿದ್ದೇನೆ. ಎಷ್ಟು ತಿದ್ದಿದರೂ ಮಾತನಾಡುವ ಫ್ರಿಜ್ ಆಗುತ್ತಿದೆ.

ಏನನ್ನು ಬದಲಿಸಿಕೊಂಡಿದ್ದಾನೆ ಎಂಬ ಪಟ್ಟಿಯನ್ನು ಹರಿದು ಹಾಕಿ. ಏ‌ನನ್ನು ಬದಲಿಸಿಕೊಂಡಿಲ್ಲ, ಅದಕ್ಕೆ ಬೇರೆಯವರ ಮುಂದೆ ಯಾವ ಸುಳ್ಳು ಕಾರಣ ಕೊಡುತ್ತಾನೆ ಎಂದು ಯೋಚಿಸಿ.

ಮೋಟಾರು ರಿಪೇರಿ ಮಾಡುವವರನ್ನು ಗಮನಿಸಿದ್ದೀರಾ? ಬೇರಿಂಗ್ ಸದ್ದು ಕೇಳಲು ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸುತ್ತಾರೆ. ಬಿಸಿ ನೋಡಲು ಅಂಗೈ ಮುಟ್ಟಿಸುವುದಿಲ್ಲ, ಕೈಯ ಹಿಂಬದಿ ಮುಟ್ಟಿಸುತ್ತಾರೆ. ಕರೆಂಟು ಹೊಡೆದರೆ ಬೆರಳು ಮಡಚಿ ಮೋಟಾರನ್ನೇ ಹಿಡಿದುಕೊಂಡುಬಿಡಬಾರದಲ್ಲ. ಈಗ ಇನ್ನೂರು ವರ್ಷದ ಒಬ್ಬ ಪುರೋಹಿತನನ್ನು ಊಹಿಸಿ. ಅವನ ಬೆರಳುಗಳಲ್ಲಿ ಉಷ್ಣಮಾಪಕಗಳಿವೆ. ಆದರೂ ಎಡಗೈಯ ಹಿಂಬದಿಯಲ್ಲಿ ರೂಪಾಯಿ ಅಗಲದಷ್ಟು ಚರ್ಮ ಉಳಿಸಿಕೊಂಡಿದ್ದಾನೆ. ಯಾರೂ ಇಲ್ಲದಾಗ ಅದನ್ನು ಯಂತ್ರಕ್ಕೆ ಮುಟ್ಟಿಸುತ್ತಾನೆ. ಶಿಷ್ಯೆ ನೋಡಿಬಿಟ್ಟರೆ, ಹೋಲಿಕೆಗೆ ಒಂದು ಕೆಟ್ಟ ಉಪಕರಣವೂ ಬೇಕಲ್ಲ ಎನ್ನುತ್ತಾನೆ. ಪಾತ್ರ ಹುಟ್ಟಿತು. ಅವನ ಕಾಲಿನ ಪಿಸ್ಟನ್ ಎಷ್ಟು ಅಂಗುಲ ಎಂಬುದು ಇನ್ನು ಯಾರಿಗೂ ಬೇಡ.

ಇನ್ನೊಂದು ಮಾತು: ಅಂಕಿಅಂಶ ಉದುರಿಸುವ ಸಂಭಾಷಣೆ ಬಿಡಿ. ‘ಗೆಲುವಿನ ಸಾಧ್ಯತೆ ಶೇಕಡಾ 43.7’ ಎನ್ನುವವನನ್ನು ನೂರು ಜನ ಬರೆದಾಗಿದೆ.

ಬೊಂಬೆಗೆ ಬಣ್ಣ ಬಳಿಯುವಾಗ ಚರ್ಮ ಎಷ್ಟು ತೋರಿಸಬೇಕು? ನಾನು ಎಲ್ಲವನ್ನೂ ಬೆಳ್ಳಿ ಬಣ್ಣ ಮಾಡಿಬಿಟ್ಟೆ, ಸಪ್ಪೆಯಾಗಿದೆ.

ಪುರೋಹಿತರಲ್ಲಿ ತೋರಿಸಲು ಚರ್ಮ ಸಿಗುವುದೇ ಕಡಿಮೆ, ಕೆಂಪು ಬಟ್ಟೆಯ ಮಡಿಕೆಗಳಲ್ಲೇ ನಿಮ್ಮ ಕೈಚಳಕ ಕಾಣಬೇಕು. ಕಟಫ್ರಾನ್‌ನಂಥ ಸರ್ವಿಟರ್‌ಗಳಲ್ಲಿ ತಲೆ, ಹೆಗಲು ಸಿಗುತ್ತವೆ. ಚರ್ಮಕ್ಕೆ ಬೂದು ಬೆರೆಸಿ ಬಿಳಿಚಿಸಿ. ಲೋಹ ಬಂದು ಸೇರುವ ಅಂಚಿನಲ್ಲಿ ಮಾತ್ರ ನೇರಳೆ ಬೆರೆತ ಕೆಂಪನ್ನು ತೀರ ತೆಳುವಾಗಿ ಹರಿಸಿ. ಗಾಯ ಇನ್ನೂ ಮಾಗಿಲ್ಲ ಎನ್ನುವಷ್ಟು. ಕಣ್ಣಿಗೆ ಕೆಂಪು ದೀಪದ ಬಣ್ಣ ಇಡಬೇಡಿ, ಎಲ್ಲರೂ ಇಡುತ್ತಾರೆ. ಮೊದಲು ಮಾಸಿದ ಬಿಳಿ, ಅದರ ಮೇಲೆ ಅತಿ ಸಣ್ಣ ಕುಂಚದಿಂದ ಒಂದು ಕಪ್ಪು ಚುಕ್ಕೆ. ಆ ಚುಕ್ಕೆಯನ್ನು ನಡುವೆ ಇಡದೆ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಇಡಿ, ತನಗೆ ಹೇಳಿದ ಕಡೆಯಲ್ಲದೆ ಬೇರೆಲ್ಲೋ ನೋಡುತ್ತಿರುವಂತೆ.